ಹುಲಿ ಹೇಳಿದ ಪುಣ್ಯಕೋಟಿ ಕಥೆ

2021ರ ಆಗಸ್ಟ್ ಕೊನೆಯಲ್ಲಿ ಜೊಮ್ಯಾಟೊದ ಎರಡು ಜಾಹೀರಾತುಗಳು ಬಂದಿದ್ದವು. ನಿಮ್ಮಲ್ಲಿ ಬಹಳ ಜನ ನೋಡಿರ್ತೀರಿ. ಒಂದರಲ್ಲಿ ಹೃತಿಕ್ ರೋಷನ್ ಬಾಗಿಲು ತೆಗೆಯುತ್ತಾರೆ. ಹೊರಗೆ ಮಳೆಯಲ್ಲಿ ತೊಯ್ದು ಬಂದ ಡೆಲಿವರಿ ಹುಡುಗ. ಅವನಿಗೆ ಥ್ಯಾಂಕ್ಸ್ ಹೇಳಿ, ಇರು ಒಂದು ಸೆಲ್ಫಿ ತೆಗೆದುಕೊಳ್ಳೋಣ ಅಂತ ಫೋನ್ ತರೋಕೆ ಒಳಗೆ ಹೋಗುತ್ತಾರೆ. ಅಷ್ಟರಲ್ಲಿ ಹುಡುಗನ ಮೊಬೈಲ್ ಸದ್ದು ಮಾಡುತ್ತದೆ, ಮುಂದಿನ ಆರ್ಡರ್. ಹುಡುಗ ಹೊರಟುಬಿಡುತ್ತಾನೆ. ಇನ್ನೊಂದರಲ್ಲಿ ಹೃತಿಕ್ ಬದಲು ಕತ್ರಿನಾ ಕೈಫ್, ಸೆಲ್ಫಿ ಬದಲು ಹುಟ್ಟುಹಬ್ಬದ ಕೇಕ್. ಎರಡರ ಸಂದೇಶವೂ ಒಂದೇ: ನಮಗೆ ಪ್ರತಿಯೊಬ್ಬ ಗ್ರಾಹಕನೂ ಸ್ಟಾರ್.

ಮಾಡಿದವರ ಲೆಕ್ಕದಲ್ಲಿ ಇದು ಡೆಲಿವರಿ ಹುಡುಗನಿಗೆ ಕೊಟ್ಟ ಗೌರವ. ಸಿನಿಮಾ ಸ್ಟಾರ್ ಎದುರಿಗಿದ್ದರೂ ಅವನಿಗೆ ಕೆಲಸವೇ ದೊಡ್ಡದು, ಅವನೇ ಇಲ್ಲಿ ಹೀರೊ. ಆದರೆ ನೋಡಿದವರಲ್ಲಿ ತುಂಬಾ ಜನಕ್ಕೆ ಕಂಡದ್ದೇ ಬೇರೆ. ಒಂದು ಸೆಲ್ಫಿಗೆ, ಒಂದು ತುಂಡು ಕೇಕಿಗೆ ನಿಲ್ಲೋಕೂ ಪುರುಸೊತ್ತು ಕೊಡದೆ ದುಡಿಸಿಕೊಳ್ತಿದ್ದಾರಲ್ಲ, ಅದನ್ನೇ ಹೆಮ್ಮೆಯಿಂದ ತೋರಿಸ್ತಿದ್ದಾರಲ್ಲ ಅಂತ ಜನ ಕೇಳಿದರು. ಕಂಪನಿ ಸ್ಪಷ್ಟನೆ ಕೊಟ್ಟಿತು. ಈ ಜಾಹೀರಾತುಗಳನ್ನು ಆರು ತಿಂಗಳ ಹಿಂದೆಯೇ ಯೋಚಿಸಿದ್ದೆವು, ಉದ್ದೇಶ ಒಳ್ಳೆಯದಿತ್ತು, ಕೆಲವರು ಅದನ್ನು ತಪ್ಪಾಗಿ ಅರ್ಥ ಮಾಡಿಕೊಂಡಿದ್ದಾರೆ ಎಂಬುದು ಅದರ ಸಾರಾಂಶ.

ಉದ್ದೇಶ ಒಳ್ಳೆಯದಿತ್ತು ಅನ್ನೋದನ್ನು ನಂಬೋಕೆ ನನಗೇನೂ ಕಷ್ಟವಿಲ್ಲ. ನನ್ನ ಕುತೂಹಲ ಬೇರೆ ಕಡೆ ಇದೆ. ಒಂದೇ ದೃಶ್ಯ ಒಬ್ಬರಿಗೆ ನಿಷ್ಠೆಯಾಗಿಯೂ ಇನ್ನೊಬ್ಬರಿಗೆ ನಿರ್ಬಂಧವಾಗಿಯೂ ಕಂಡದ್ದು ಹೇಗೆ? ಆ ಕಥೆಯಲ್ಲಿ ಹುಡುಗ ಇದ್ದಾನೆ, ಮಳೆ ಇದೆ, ಗ್ರಾಹಕ ಇದ್ದಾನೆ. ಮೊಬೈಲಿನ ಸದ್ದೂ ಇದೆ. ಆ ಸದ್ದು ಎಲ್ಲಿಂದ ಬಂತು, ಅದನ್ನು ನಿರ್ಲಕ್ಷಿಸಿ ಎರಡು ನಿಮಿಷ ನಿಂತಿದ್ದರೆ ಅವನಿಗೆ ಎಷ್ಟು ನಷ್ಟವಾಗುತ್ತಿತ್ತು, ಅದನ್ನು ನಿರ್ಧರಿಸಿದವರು ಯಾರು? ಕಥೆ ಅದನ್ನು ಹೇಳುವುದಿಲ್ಲ. ಯಾಕೆಂದರೆ ಅದನ್ನು ನಿರ್ಧರಿಸಿದವರೇ ಕಥೆ ಹೇಳುತ್ತಿದ್ದಾರೆ.

ಇಂಥ ಕಥೆಗಳಿಗೆ ಈಗ ಒಂದು ದೊಡ್ಡ ಉದ್ಯೋಗವೇ ಇದೆ. ಪಿಆರ್ ಏಜೆನ್ಸಿಗಳು, ಬ್ರ್ಯಾಂಡ್ ಟೀಮುಗಳು, ಸಿಎಸ್‌ಆರ್ ವರದಿ ಬರೆಯುವವರು, ಎಚ್‌ಆರ್‌ನಲ್ಲಿ ಕೂತು ‘ನಮ್ಮ ಜನ, ನಮ್ಮ ಕಥೆ’ ಅಂತ ಪೋಸ್ಟ್ ಹಾಕುವವರು. ಸ್ಟಾರ್ಟಪ್ ಪಿಚ್ ಡೆಕ್‌ನ ಮೊದಲ ಸ್ಲೈಡಿನಲ್ಲೂ ಈಗ ಯಾರೋ ಒಬ್ಬ ರೈತನೋ ಹೊಲಿಗೆ ಮಾಡುವ ಹೆಂಗಸೋ ಇರಲೇಬೇಕು. ‘ಇದರಲ್ಲಿ ಹ್ಯೂಮನ್ ಸ್ಟೋರಿ ಏನು?’ ಅಂತ ಮೀಟಿಂಗಿನಲ್ಲಿ ಒಂದು ಸಲವಾದರೂ ಕೇಳಿಸಿಕೊಳ್ಳದವರು ನಮ್ಮಲ್ಲಿ ಕಡಿಮೆ. ಆದ್ದರಿಂದ ಇದು ಯಾವುದೋ ಮುಂಬೈ ಜಾಹೀರಾತು ಮಂದಿಯ ಸಮಸ್ಯೆ ಅಂತ ಪಕ್ಕಕ್ಕೆ ಸರಿಸೋ ಹಾಗಿಲ್ಲ. ಪ್ರಶ್ನೆ ನಮ್ಮ ಟೇಬಲ್ಲಿಗೇ ಬಂದಿದೆ: ಒಬ್ಬರ ಕಷ್ಟದ ಕಥೆಯನ್ನು ಇನ್ನೊಬ್ಬರ ಹೆಸರು ಬೆಳಗಿಸೋಕೆ ಹೇಳಬಹುದಾ? ಹೇಳಬಹುದಾದರೆ ಯಾವಾಗ?

ಮೊದಲು, ಇದು ಯಾಕೆ ಕೆಲಸ ಮಾಡುತ್ತದೆ ಅಂತ ನೋಡೋಣ. 2007ರಲ್ಲಿ ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೈನ್, ಪಾಲ್ ಸ್ಲೋವಿಕ್ ಎಂಬ ಮೂವರು ಪ್ರಕಟಿಸಿದ ಒಂದು ಅಧ್ಯಯನ ಈ ವಿಷಯದಲ್ಲಿ ಪ್ರಸಿದ್ಧ. ಒಂದು ಸಮೀಕ್ಷೆಗೆ ಉತ್ತರಿಸಿದವರಿಗೆ ಐದು ಡಾಲರ್ ಕೊಟ್ಟು, ಅದರಲ್ಲಿ ಇಷ್ಟ ಬಂದಷ್ಟನ್ನು ದಾನ ಮಾಡಬಹುದು ಅಂದರು. ಕೆಲವರಿಗೆ ಆಫ್ರಿಕಾದ ಹಸಿವಿನ ಅಂಕಿಅಂಶ ಕೊಟ್ಟರು, ಲಕ್ಷಾಂತರ ಜನರ ಲೆಕ್ಕ. ಇನ್ನು ಕೆಲವರಿಗೆ ಮಾಲಿ ದೇಶದ ರೋಕಿಯಾ ಎಂಬ ಏಳು ವರ್ಷದ ಹುಡುಗಿಯ ಫೋಟೊ, ಅವಳ ಕಥೆ. ಅಂಕಿಅಂಶ ಓದಿದವರು ಸರಾಸರಿ 1.14 ಡಾಲರ್ ಕೊಟ್ಟರು. ರೋಕಿಯಾಳ ಕಥೆ ಓದಿದವರು 2.38 ಡಾಲರ್. ಎರಡನ್ನೂ ಒಟ್ಟಿಗೆ ಕೊಟ್ಟಾಗ? 1.43. ಅಂದರೆ ಹುಡುಗಿಯ ಪಕ್ಕದಲ್ಲಿ ಹಸಿವಿನ ಪೂರ್ತಿ ಲೆಕ್ಕ ಇಟ್ಟ ಕೂಡಲೇ ಜನರ ಕೈ ಹಿಂದೆ ಸರಿಯಿತು.

ಪಿಆರ್ ಕಲಿಯುವವರು ಈ ಫಲಿತಾಂಶದಿಂದ ತೆಗೆಯುವ ಪಾಠ ಸರಳ: ಒಂದು ಮುಖ ತೋರಿಸು, ಲೆಕ್ಕ ಕೊಡಬೇಡ. ನನಗೆ ಅದರಲ್ಲಿ ಕಾಣುವುದು ಒಂದು ಎಚ್ಚರಿಕೆ. ಮನಸ್ಸು ಕರಗುವುದು ಮುಖಕ್ಕೆ, ಸರಿ. ಆದರೆ ಕಾರಣಗಳು ಇರುವುದು ಲೆಕ್ಕದಲ್ಲಿ. ಮುಖ ತೋರಿಸಿ ಲೆಕ್ಕ ಮರೆಮಾಚುವ ಕಲೆ ಗೊತ್ತಿದ್ದವರ ಕೈಯಲ್ಲಿ ನಮ್ಮ ಕಣ್ಣೀರು ಒಂದು ಉಪಕರಣ.

ಈ ಉಪಕರಣ ಎಷ್ಟು ದೂರ ಹೋಗಬಹುದು ಅನ್ನೋದಕ್ಕೆ ಪಿಆರ್ ಚರಿತ್ರೆಯಲ್ಲೇ ಒಂದು ಕುಖ್ಯಾತ ಉದಾಹರಣೆ ಇದೆ. 1990ರ ಅಕ್ಟೋಬರ್ 10ರಂದು, ಇರಾಕ್ ಸೇನೆ ಕುವೈತನ್ನು ಆಕ್ರಮಿಸಿದ್ದ ದಿನಗಳಲ್ಲಿ, ನಯೀರಾ ಎಂಬ 15 ವರ್ಷದ ಹುಡುಗಿ ಅಮೆರಿಕದ ಸಂಸದರ ಮಾನವ ಹಕ್ಕುಗಳ ಗುಂಪಿನ ಎದುರು ಅಳುತ್ತಾ ಸಾಕ್ಷಿ ಹೇಳಿದಳು. ಇರಾಕಿ ಸೈನಿಕರು ಆಸ್ಪತ್ರೆಗೆ ನುಗ್ಗಿ, ಇನ್‌ಕ್ಯುಬೇಟರ್‌ಗಳಿಂದ ಶಿಶುಗಳನ್ನು ತೆಗೆದು ನೆಲದ ಮೇಲೆ ಸಾಯಲು ಬಿಟ್ಟರು ಎಂದಳು. ಯುದ್ಧಕ್ಕೆ ಬೆಂಬಲ ಕೇಳುವ ಭಾಷಣಗಳಲ್ಲಿ ಆ ಕಥೆ ಮತ್ತೆ ಮತ್ತೆ ಬಂತು. 1992ರ ಜನವರಿಯಲ್ಲಿ ಬಯಲಾದದ್ದೇನೆಂದರೆ, ಆಕೆ ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳು. ಕುವೈತ್ ಪರ ಪ್ರಚಾರದ ಹೊಣೆ ಹೊತ್ತಿದ್ದದ್ದು ಹಿಲ್ ಆಂಡ್ ನೋಲ್ಟನ್ ಎಂಬ ದೊಡ್ಡ ಪಿಆರ್ ಕಂಪನಿ. ಆಕೆ ಹೇಳಿದ ಘಟನೆಗೆ ನಂಬಬಹುದಾದ ಪುರಾವೆ ಸಿಗಲೇ ಇಲ್ಲ.

ಆದರೆ ನೈತಿಕವಾಗಿ ನೋಡಿದರೆ ಇದು ಸುಲಭದ ಕೇಸು. ಸುಳ್ಳು ಸುಳ್ಳೇ. ತಪ್ಪು ಅಂತ ಹೇಳೋಕೆ ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಕಷ್ಟ ಬರುವುದು ಕಥೆ ನಿಜವಾಗಿದ್ದಾಗ. ಹೆಂಗಸು ನಿಜ, ಅವಳ ಕಷ್ಟ ನಿಜ, ಅವಳ ಅಳು ನಿಜ, ನೋಡಿದ ನಮ್ಮ ಕಣ್ಣೀರೂ ನಿಜ. ಎಲ್ಲವೂ ನಿಜವಾಗಿದ್ದೂ ಏನೋ ಸರಿಯಿಲ್ಲ ಅನ್ನಿಸುತ್ತಲ್ಲ, ಅದು ಯಾಕೆ?

ಇದಕ್ಕೆ ನಮ್ಮ ಹಳೆಯ ಕಾವ್ಯಮೀಮಾಂಸೆಯಲ್ಲಿ ಒಂದು ಸುಳಿವು ಇದೆ ಅಂತ ನನಗನ್ನಿಸುತ್ತದೆ. ಕರುಣರಸದ ನಾಟಕ ನೋಡಿ ಅತ್ತು ಬಂದವರಿಗೆ ಖುಷಿ ಯಾಕಾಗುತ್ತದೆ ಎಂಬ ಪ್ರಶ್ನೆಗೆ ಭಟ್ಟನಾಯಕ ಕೊಟ್ಟ ಉತ್ತರ ಸಾಧಾರಣೀಕರಣ. ರಂಗದ ಮೇಲಿನ ದುಃಖ ಆ ಪಾತ್ರದ್ದೂ ಅಲ್ಲ, ನಟನದ್ದೂ ಅಲ್ಲ, ನೋಡುವವನ ಸ್ವಂತದ್ದೂ ಅಲ್ಲ. ಅದು ಎಲ್ಲರದೂ ಆಗಿಬಿಟ್ಟ ದುಃಖ. ಅದಕ್ಕೇ ಅದನ್ನು ಸವಿಯಬಹುದು. ಅಭಿನವಗುಪ್ತ ಈ ಮಾತನ್ನು ಇನ್ನಷ್ಟು ಬೆಳೆಸಿದ. ಸೀತೆಯ ದುಃಖ ನೋಡಿ ಅತ್ತವನು ಎದ್ದು ಹೋಗಿ ಸೀತೆಗೆ ನೆರವಾಗಬೇಕಿಲ್ಲ. ಕಾವ್ಯ ಅವನಿಂದ ಅದನ್ನು ಕೇಳುವುದೂ ಇಲ್ಲ.

ಬ್ರ್ಯಾಂಡ್ ಕಥೆ ಮಾಡುವುದು ಇದೇ ಕೆಲಸವನ್ನು, ಆದರೆ ಬದುಕಿರುವ ಮನುಷ್ಯರ ಮೇಲೆ. ಮೂರು ನಿಮಿಷದ ವಿಡಿಯೊದಲ್ಲಿ ಒಬ್ಬ ಕಾರ್ಮಿಕನ ದುಃಖ ಅವನ ಕೈಬಿಟ್ಟು ‘ಎಲ್ಲರ’ ದುಃಖವಾಗುತ್ತದೆ. ಹಿನ್ನೆಲೆಯಲ್ಲಿ ಪಿಯಾನೊ. ನಾವು ಅದನ್ನು ಸವಿಯುತ್ತೇವೆ, ಹೌದು, ಸವಿಯುವುದೇ. ಗಂಟಲು ಕಟ್ಟುತ್ತದೆ, ಶೇರ್ ಮಾಡುತ್ತೇವೆ, ಹಗುರಾಗುತ್ತೇವೆ. ಕೊನೆಯಲ್ಲಿ ಲೋಗೊ ಬರುತ್ತದೆ, ಆ ಹಗುರಾದ ಭಾವ ಲೋಗೊಗೆ ಅಂಟಿಕೊಳ್ಳುತ್ತದೆ. ಆದರೆ ಸೀತೆಯ ಹಾಗೆ ಈ ಕಾರ್ಮಿಕ ಕಾವ್ಯದೊಳಗಿನ ಪಾತ್ರವಲ್ಲ. ವಿಡಿಯೊ ಮುಗಿದ ಮೇಲೂ ಅವನಿಗೆ ಬಾಡಿಗೆ ಕಟ್ಟಬೇಕು. ಅವನ ದುಃಖ ನಿಜವಾಗಿಯೂ ಯಾರಿಂದಲೋ ಏನನ್ನೋ ಕೇಳುತ್ತಿದೆ. ನಾವು ಅತ್ತ ಕ್ಷಣದಲ್ಲಿ ಆ ಬೇಡಿಕೆ ತೀರಿತು ಅನ್ನಿಸಿಬಿಡುತ್ತದೆ. ಅಳುವುದೇ ಏನೋ ಮಾಡಿದ ಹಾಗೆ.

ಇನ್ನೊಂದು ವಿಷಯ. ವಾಲ್ಮೀಕಿಯ ಶೋಕ ಶ್ಲೋಕವಾದ ಕಥೆ ನಮಗೆಲ್ಲ ಗೊತ್ತು. ಬೇಡನೊಬ್ಬ ಕ್ರೌಂಚ ಪಕ್ಷಿಯನ್ನು ಹೊಡೆದ, ಜೊತೆಗಾತಿ ಗೋಳಾಡಿತು, ಕವಿಯ ಬಾಯಿಂದ ಮಾತು ಹೊಮ್ಮಿತು. ಆ ಮೊದಲ ಮಾತು ಹಕ್ಕಿಯ ಬಗ್ಗೆ ಮರುಗಿದ್ದಷ್ಟೇ ಅಲ್ಲ, ಅದು ಬೇಡನಿಗೆ ಕೊಟ್ಟ ಶಾಪ ಕೂಡ. ಅಂತಃಕರಣ ಅಲ್ಲಿ ಬಾಣ ಬಿಟ್ಟವನನ್ನು ನೇರವಾಗಿ ಹೆಸರು ಹಿಡಿದು ಕರೆಯಿತು. ಇವತ್ತಿನ ಬ್ರ್ಯಾಂಡ್ ಕಥೆಗಳನ್ನು ನೋಡಿ: ಹಕ್ಕಿ ಇದೆ, ಗೋಳಾಟ ಇದೆ, ಬೇಡ ಮಾತ್ರ ಇಲ್ಲ. ಬಡತನ ಮಳೆ ಹಾಗೆ ಎಲ್ಲಿಂದಲೋ ಸುರಿದಿರುತ್ತದೆ. ಕಡಿಮೆ ಸಂಬಳ, ಕೆಟ್ಟ ರಸ್ತೆ, ಬಿಟ್ಟುಹೋದ ಓದು, ಎಲ್ಲವೂ ತಾನಾಗಿ ‘ಆಗಿ’ ಹೋಗಿರುತ್ತವೆ. ಯಾರೂ ಏನೂ ಮಾಡಿಲ್ಲ.

ಏಜೆನ್ಸಿಯೊಂದರಲ್ಲಿ ಕೆಲಸ ಮಾಡುವ ನನ್ನ ಗೆಳತಿ ಹೇಳಿದ ಒಂದು ಪ್ರಸಂಗ ಇಲ್ಲಿ ಹೇಳಬೇಕು. ಕಂಪನಿಯೊಂದರ ಸ್ಕಾಲರ್‌ಶಿಪ್ ಯೋಜನೆ ಬಗ್ಗೆ ಕಿರುಚಿತ್ರ ಮಾಡೋಕೆ ಅವಳು ಮಂಡ್ಯ ಕಡೆಯ ಒಂದು ಊರಿಗೆ ಹೋಗಿದ್ದಳು. ಗಾರ್ಮೆಂಟ್ಸ್‌ಗೆ ಹೋಗುವ ತಾಯಿ, ಸ್ಕಾಲರ್‌ಶಿಪ್ ಸಿಕ್ಕಿ ಡಿಪ್ಲೊಮಾ ಮುಗಿಸಿದ ಮಗಳು. ತಾಯಿ ಕ್ಯಾಮೆರಾ ಮುಂದೆ ಮನಸ್ಸು ಬಿಚ್ಚಿ ಮಾತಾಡಿದರು. ಗಂಡನ ಕುಡಿತ, ರಾತ್ರಿ ಹೊಡೆತ, ಮಗಳ ಪುಸ್ತಕ ಮಾರಿದ್ದು, ಎಲ್ಲ. ಶೂಟಿಂಗ್ ಮುಗಿಸಿ ಇವರು ಗಾಡಿ ಹತ್ತುವ ಹೊತ್ತಿಗೆ ಆಕೆ ಓಡಿ ಬಂದರಂತೆ.

‘ಮೇಡಮ್, ಒಂದ್ ಮಾತು. ನಮ್ಮನೇರು ಕುಡೀತಿದ್ರು ಅಂದ್ನಲ್ಲ, ಅದೊಂದ್ ತೆಗ್ದಾಕ್ಬುಡಿ. ಮಗ್ಳಿಗೆ ಸಂಬಂಧ ಬಂದೈತೆ. ಅವ್ರ ಕಡೆಯೋರು ನೋಡ್ಬುಟ್ರೆ ಕಷ್ಟ.’

‘ಆಯ್ತಕ್ಕ, ತೆಗೀತೀನಿ’ ಅಂದಳು ಇವಳು.

ಆಫೀಸಿಗೆ ಬಂದರೆ, ಕ್ಲೈಂಟ್‌ಗೆ ಬೇಕಿದ್ದದ್ದೇ ಆ ಭಾಗ. ಅದಿಲ್ಲದೆ ಕಥೆಗೆ ಪಂಚ್ ಇಲ್ಲ ಅಂದರಂತೆ. ಸಹಿ ಮಾಡಿಸಿಕೊಂಡ ಒಪ್ಪಿಗೆ ಪತ್ರ ಇದೆಯಲ್ಲ ಅಂತಲೂ ಕೇಳಿದರು. ಇತ್ತು. ಎರಡು ಪುಟ, ಇಂಗ್ಲಿಷಿನಲ್ಲಿ, ಕೆಳಗೆ ಆ ತಾಯಿಯ ಕನ್ನಡ ಸಹಿ. ಕಾನೂನಿನ ಪ್ರಕಾರ ಎಲ್ಲ ಸರಿ. ಗೆಳತಿ ಒಪ್ಪಲಿಲ್ಲ, ಆ ಭಾಗ ತೆಗೆದೇ ಫಿಲ್ಮ್ ಕೊಟ್ಟಳು. ಫಿಲ್ಮ್ ಫ್ಲ್ಯಾಟ್ ಆಗಿದೆ ಅಂತ ಫೀಡ್‌ಬ್ಯಾಕ್ ಬಂತು, ಮುಂದಿನ ಪ್ರಾಜೆಕ್ಟ್ ಬೇರೆ ಟೀಮಿಗೆ ಹೋಯಿತು.

ಈ ಪ್ರಸಂಗದಲ್ಲಿ ಯಾರೂ ರಾಕ್ಷಸರಿಲ್ಲ ಅನ್ನೋದನ್ನು ಗಮನಿಸಿ. ಆ ಕಂಪನಿ ನಿಜವಾಗಿಯೂ ಸ್ಕಾಲರ್‌ಶಿಪ್ ಕೊಟ್ಟಿದೆ, ಹುಡುಗಿ ನಿಜವಾಗಿಯೂ ಓದಿದ್ದಾಳೆ. ಆದರೂ ಒಂದು ಹಂತದಲ್ಲಿ ಆ ತಾಯಿಯ ಬದುಕು ಮತ್ತು ಆ ತಾಯಿಯ ಕಥೆ ಎರಡು ಬೇರೆ ಬೇರೆ ವಸ್ತುಗಳಾಗಿಬಿಟ್ಟವು. ಬದುಕು ಅವರ ಹತ್ತಿರ ಉಳಿಯಿತು, ಕಥೆ ಕಂಪನಿಯ ಆಸ್ತಿಯಾಯಿತು. ಕಥೆ ಚೆನ್ನಾಗಿರಬೇಕಾದರೆ ಬದುಕಿಗೆ ಸ್ವಲ್ಪ ಪೆಟ್ಟಾದರೂ ಪರವಾಗಿಲ್ಲ ಅನ್ನುವ ಲೆಕ್ಕ ಬಂತು. ಇಮ್ಯಾನುಯೆಲ್ ಕಾಂಟ್ 1785ರಲ್ಲಿ ಬರೆದ ನೀತಿಯ ಪುಸ್ತಕದಲ್ಲಿ ಹೇಳಿದ್ದು, ಮನುಷ್ಯರನ್ನು ಕೇವಲ ಸಾಧನವಾಗಿ ಬಳಸಬೇಡಿ ಅಂತ. ಅಲ್ಲಿ ‘ಕೇವಲ’ ಅನ್ನೋ ಪದ ಮುಖ್ಯ. ಒಬ್ಬರನ್ನೊಬ್ಬರು ಬಳಸಿಕೊಳ್ಳದೆ ಬದುಕೋಕೆ ಆಗಲ್ಲ. ನಾನು ಆಟೊ ಡ್ರೈವರನ್ನು ಬಳಸಿಕೊಳ್ಳುತ್ತೇನೆ, ಅವರು ನನ್ನನ್ನು. ಆದರೆ ‘ಬೇಡ’ ಅಂದಾಗ ಆ ಬೇಡಕ್ಕೆ ಬೆಲೆ ಇದೆಯಾ? ಇಲ್ಲದಿದ್ದರೆ ಅಲ್ಲಿಗೆ ಆ ‘ಕೇವಲ’ ಶುರುವಾಯಿತು.

‘ಅಯ್ಯೋ ಬಿಡಿ, ಜಾಹೀರಾತು ಜಾಹೀರಾತೇ, ಕಂಪನಿಗಳು ಧರ್ಮಛತ್ರ ಅಲ್ವಲ್ಲ’ ಅಂತ ನೀವು ಅನ್ನಬಹುದು. ಒಪ್ಪುತ್ತೇನೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪವೂ ಇದೆ: ಉದ್ದೇಶ ವ್ಯಾಪಾರವೇ ಆದರೂ ಪರಿಣಾಮ ಒಳ್ಳೆಯದಾಗಬಹುದಲ್ಲ? 2017ರಲ್ಲಿ ವಿಕ್ಸ್ ಮಾಡಿದ ಜಾಹೀರಾತು ನೆನಪಿಸಿಕೊಳ್ಳಿ. ಮುಂಬೈನ ಹೋರಾಟಗಾರ್ತಿ ಗೌರಿ ಸಾವಂತ್ ಎಂಬ ಟ್ರಾನ್ಸ್‌ಜೆಂಡರ್ ಮಹಿಳೆ, ಅವರು ಸಾಕಿದ ಮಗಳು ಗಾಯತ್ರಿ. ಗೌರಿಯ ಪಾತ್ರದಲ್ಲಿ ಗೌರಿಯೇ ಇದ್ದರು. ಮಗಳನ್ನು ಡಾಕ್ಟರ್ ಮಾಡಬೇಕು ಅಂತ ಅಮ್ಮನ ಆಸೆ, ಅಮ್ಮನಿಗೆ ಸಿಗಬೇಕಾದ ಹಕ್ಕಿಗಾಗಿ ಲಾಯರ್ ಆಗ್ತೀನಿ ಅನ್ನುವುದು ಮಗಳ ಆಸೆ. ಆ ಜಾಹೀರಾತು ನೋಡಿ, ಟ್ರಾನ್ಸ್‌ಜೆಂಡರ್ ತಾಯಿ ಎಂಬ ಮಾತನ್ನು ಮೊದಲ ಸಲ ಮನಸ್ಸಿಗೆ ತಂದುಕೊಂಡ ಎಷ್ಟೋ ಮನೆಗಳಿರಬೇಕು. ನೆಗಡಿ ಔಷಧಕ್ಕೂ ಇದಕ್ಕೂ ಏನು ಸಂಬಂಧ ಅಂತ ಕೇಳಬಹುದು, ಕೇಳಲೇಬೇಕು. ಆದರೂ ಇದು ಆ ಮಂಡ್ಯದ ಕಥೆಗಿಂತ ಬೇರೆ ಅಂತ ನನಗನ್ನಿಸುತ್ತದೆ. ಇಲ್ಲಿ ಕಥೆ ಯಾರದೋ ಅವರು ಮೊದಲಿನಿಂದಲೂ ಆ ಹೋರಾಟದಲ್ಲೇ ಇದ್ದವರು, ಬ್ರ್ಯಾಂಡ್‌ನ ದುಡ್ಡು ಮತ್ತು ವ್ಯಾಪ್ತಿಯನ್ನು ಅವರೂ ತಮ್ಮ ಕೆಲಸಕ್ಕೆ ಬಳಸಿಕೊಂಡರು. ಜೊತೆಗೆ ಕಥೆ ಕಣ್ಣೀರಿನಲ್ಲಿ ಮುಗಿಯದೆ ಕಾನೂನಿನ ಕಡೆಗೆ ಕೈ ತೋರಿಸಿತು.

ಹಾಗಾದರೆ ಅಳತೆಗೋಲು ಯಾವುದು? ನಮಗೆ ಬಾಲ್ಯದಿಂದ ಗೊತ್ತಿರುವ ಒಂದು ಕಥೆಯಲ್ಲೇ ಅದು ಇದೆ. ಗೋವಿನ ಹಾಡು.

ಪುಣ್ಯಕೋಟಿಯ ಕಥೆಯನ್ನು ನಾವು ಸಾಮಾನ್ಯವಾಗಿ ಸತ್ಯದ ಕಥೆ ಅಂತ ಓದುತ್ತೇವೆ. ಅದು ಎಂಪಥಿಯ ಕಥೆಯೂ ಹೌದು. ಹಸು ತನ್ನ ಕಷ್ಟ ಹೇಳುತ್ತದೆ: ಮನೆಯಲ್ಲಿ ಕರು ಇದೆ, ಹಾಲು ಕುಡಿಸಿ ಬರುತ್ತೇನೆ. ಹುಲಿ ಕಳಿಸುತ್ತದೆ. ಹಸು ಹೇಳಿದ ಹಾಗೆ ವಾಪಸು ಬಂದಾಗ ಹುಲಿಯ ಮನಸ್ಸು ಒಡೆಯುತ್ತದೆ, ಅದು ತಿನ್ನುವುದಿಲ್ಲ, ತನ್ನ ಪ್ರಾಣವನ್ನೇ ಬಿಡುತ್ತದೆ. ಮಕ್ಕಳಾಗಿದ್ದಾಗ ನಮ್ಮನ್ನು ಅಳಿಸಿದ್ದು ಕರುವಿನ ಭಾಗ. ಆದರೆ ಕಥೆಯ ತಿರುವು ಇರುವುದು ಹುಲಿಯಲ್ಲಿ. ಇನ್ನೊಂದು ಜೀವದ ಕಷ್ಟ ಅದಕ್ಕೆ ನಿಜವಾಗಿ ತಟ್ಟಿದೆ ಅನ್ನೋದಕ್ಕೆ ಸಾಕ್ಷಿ ಹುಲಿಯ ಕಣ್ಣೀರಲ್ಲ, ಹುಲಿ ಕಳೆದುಕೊಂಡದ್ದು.

ಈಗ ಒಂದು ಕಲ್ಪನೆ ಮಾಡಿ. ಅದೇ ಹುಲಿ ಒಳ್ಳೆಯ ಕ್ಯಾಮೆರಾ ಟೀಮ್ ತಂದು, ಪುಣ್ಯಕೋಟಿಯ ತಾಯ್ತನದ ಬಗ್ಗೆ ಮನಮುಟ್ಟುವ ಫಿಲ್ಮ್ ಮಾಡುತ್ತದೆ. ದೊಡ್ಡಿ, ಕರು, ಸಂಜೆಯ ಬೆಳಕು. ಕಾಡಿನಲ್ಲೆಲ್ಲ ವೈರಲ್. ಎಂಥ ಸೂಕ್ಷ್ಮ ಮನಸ್ಸಿನ ಹುಲಿ ಅಂತ ಜಿಂಕೆಗಳೂ ಮೆಚ್ಚುತ್ತವೆ. ಆಮೇಲೆ ಹುಲಿ ಎಂದಿನಂತೆ ಊಟಕ್ಕೆ ಕೂರುತ್ತದೆ. ಫಿಲ್ಮಿನಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೂ ಅದು ಪುಣ್ಯಕೋಟಿಯ ಕಥೆ ಅಲ್ಲವೇ ಅಲ್ಲ.

ಹಾಗಾಗಿ ಕೇಳಬೇಕಾದ ಪ್ರಶ್ನೆ, ಈ ಕಥೆ ಕೇಳಿದ ಮೇಲೆ ಹುಲಿ ಏನು ಬಿಟ್ಟುಕೊಟ್ಟಿತು ಅನ್ನೋದು. ನೋಡುಗರು ಎಷ್ಟು ಅತ್ತರು ಅಂತಲ್ಲ, ಹೇಳಿದವರು ಏನು ಬದಲಾಯಿಸಿದರು ಅಂತ.

ಈ ಪ್ರಶ್ನೆ ಇಟ್ಟುಕೊಂಡು ನೋಡಿದರೆ ಕೆಲವು ಹಳೆಯ ಉದಾಹರಣೆಗಳು ಬೇರೆಯಾಗಿಯೇ ಕಾಣುತ್ತವೆ. ಯೂನಿಲಿವರ್ 2004ರಲ್ಲಿ ಡವ್ ಹೆಸರಿನಲ್ಲಿ ‘ರಿಯಲ್ ಬ್ಯೂಟಿ’ ಅಭಿಯಾನ ಶುರುಮಾಡಿ, ನೀವು ಇರುವ ಹಾಗೇ ಚೆಂದ ಅಂತ ಹೆಂಗಸರಿಗೆ ಹೇಳಿತು. ಆ ಫಿಲ್ಮುಗಳು ನಿಜಕ್ಕೂ ಮನಸ್ಸಿಗೆ ತಟ್ಟುವಂಥವು. ಅದೇ ಹೊತ್ತಿನಲ್ಲಿ ಅದೇ ಕಂಪನಿ ನಮ್ಮ ದೇಶದಲ್ಲಿ ಫೇರ್ ಆಂಡ್ ಲವ್ಲಿ ಮಾರುತ್ತಿತ್ತು. ಆ ಹೆಸರಿನಿಂದ ‘ಫೇರ್’ ಹೋಗಿ ‘ಗ್ಲೋ’ ಬಂದದ್ದು 2020ರಲ್ಲಿ. ಹದಿನಾರು ವರ್ಷ ಎಂಪಥಿ ಒಂದು ಶೆಲ್ಫಿನಲ್ಲಿ, ಕೀಳರಿಮೆ ಇನ್ನೊಂದು ಶೆಲ್ಫಿನಲ್ಲಿ, ಬಿಲ್ಲು ಒಂದೇ ಮನೆಗೆ.

ಇದಕ್ಕೆ ಎದುರಾಗಿ 1982ರ ಟೈಲೆನಾಲ್ ಪ್ರಕರಣ ಇದೆ. ಶಿಕಾಗೊ ಸುತ್ತಮುತ್ತ ಯಾರೋ ಟೈಲೆನಾಲ್ ಕ್ಯಾಪ್ಸೂಲ್‌ಗಳಿಗೆ ಸಯನೈಡ್ ಬೆರೆಸಿ ಏಳು ಜನ ಸತ್ತರು. ಜಾನ್ಸನ್ ಆಂಡ್ ಜಾನ್ಸನ್ ದೇಶದಾದ್ಯಂತ ಸುಮಾರು 3.1 ಕೋಟಿ ಬಾಟಲಿಗಳನ್ನು ವಾಪಸು ತರಿಸಿಕೊಂಡಿತು. ಖರ್ಚು 10 ಕೋಟಿ ಡಾಲರಿಗೂ ಹೆಚ್ಚು. ಆಮೇಲೆ, ತೆರೆದರೆ ಗೊತ್ತಾಗುವಂಥ ಸೀಲ್ ಹಾಕಿ ಮತ್ತೆ ಮಾರುಕಟ್ಟೆಗೆ ತಂದಿತು. ಇವತ್ತಿಗೂ ಪಿಆರ್ ತರಗತಿಗಳಲ್ಲಿ ಇದೇ ಮಾದರಿ ಪಾಠ. ಸ್ವಾರಸ್ಯ ನೋಡಿ: ಪಿಆರ್‌ನ ಅತಿ ದೊಡ್ಡ ಯಶಸ್ಸು ಅಂತ ಕಲಿಸುವ ಈ ಪ್ರಕರಣದಲ್ಲಿ ಮುಖ್ಯವಾದದ್ದು ಯಾವುದೇ ಕಥೆಯಲ್ಲ, ಮಾಲು ವಾಪಸು ತರಿಸಿಕೊಂಡದ್ದು. ಹಾಗಂತ ಒಂದು ಸಲ ಮಾಡಿದ ಒಳ್ಳೆಯದು ಶಾಶ್ವತ ಸರ್ಟಿಫಿಕೇಟೂ ಅಲ್ಲ. ಅದೇ ಕಂಪನಿ ಮುಂದೆ ತನ್ನ ಟ್ಯಾಲ್ಕಂ ಬೇಬಿ ಪೌಡರ್ ವಿಷಯದಲ್ಲಿ ಸಾವಿರಾರು ಮೊಕದ್ದಮೆಗಳನ್ನು ಎದುರಿಸಬೇಕಾಯಿತು. ಹುಲಿ ಒಂದು ದಿನ ಉಪವಾಸ ಮಾಡಿದರೆ ಸಾಲದು.

ನನಗೆ ತುಂಬಾ ಇಷ್ಟವಾದ ಉದಾಹರಣೆ ಗುಜರಾತಿನದು, ಅದರಲ್ಲಿ ನಮ್ಮವರೂ ಇದ್ದಾರೆ. 1976ರ ‘ಮಂಥನ್’. ಶ್ಯಾಮ್ ಬೆನಗಲ್ ನಿರ್ದೇಶನ, ಗಿರೀಶ ಕಾರ್ನಾಡ್ ನಾಯಕ, ಅನಂತ್ ನಾಗ್ ಇನ್ನೊಂದು ಪಾತ್ರದಲ್ಲಿ. ವರ್ಗೀಸ್ ಕುರಿಯನ್ ಅವರ ಹಾಲಿನ ಸಹಕಾರ ಚಳವಳಿಯಿಂದ ಹುಟ್ಟಿದ ಕಥೆ. ಒಂದರ್ಥದಲ್ಲಿ ಅದೂ ಬ್ರ್ಯಾಂಡ್ ಕಥೆಯೇ. ಅದರ ಹಾಡು ಮುಂದೆ ಅಮುಲ್ ಜಾಹೀರಾತಿಗೂ ಬಂತು. ಆದರೆ ಆ ಸಿನಿಮಾಕ್ಕೆ ದುಡ್ಡು ಹಾಕಿದವರು ಐದು ಲಕ್ಷ ಹಾಲು ಉತ್ಪಾದಕ ರೈತರು, ತಲಾ 2 ರೂಪಾಯಿ. ಕಥೆ ಯಾರದೋ ಅವರೇ ನಿರ್ಮಾಪಕರು, ಬ್ರ್ಯಾಂಡಿನ ಒಡೆಯರೂ ಅವರೇ. ಅದಕ್ಕೇ ಆ ಸಿನಿಮಾ ಸುಳ್ಳು ಸುಖಾಂತ್ಯದ ಹಂಗಿಗೆ ಬೀಳಲಿಲ್ಲ ಅನ್ನಿಸುತ್ತದೆ. ಜಾತಿ ಜಗಳ ಇದೆ, ಖಾಸಗಿ ಡೇರಿ ಮಾಲೀಕನ ಕುತಂತ್ರ ಇದೆ, ಪಟ್ಟಣದಿಂದ ಬಂದ ಡಾಕ್ಟರ್ ಕೊನೆಗೆ ಊರು ಬಿಟ್ಟು ಹೋಗಬೇಕಾಗುತ್ತದೆ. ಬೇಡ ಕಥೆಯೊಳಗೇ ಇದ್ದಾನೆ.

ಎಲ್ಲ ಕಂಪನಿಯೂ ಸಹಕಾರ ಸಂಘ ಆಗೋಕೆ ಆಗಲ್ಲ, ನಿಜ. ಆದರೆ ಕಥೆ ಮತ್ತು ಹಕ್ಕು ಎರಡರ ನಡುವಿನ ದೂರ ಎಷ್ಟು ಅಂತ ಅಳೆಯಬಹುದು. ಮತ್ತೆ ಡೆಲಿವರಿ ಹುಡುಗರ ವಿಷಯಕ್ಕೇ ಬರೋಣ. 2024ರ ಅಕ್ಟೋಬರಿನಲ್ಲಿ ಜೊಮ್ಯಾಟೊ ಮುಖ್ಯಸ್ಥ ದೀಪಿಂದರ್ ಗೋಯಲ್ ತಾವೇ ಆರ್ಡರ್ ತಲುಪಿಸೋಕೆ ಹೋಗಿ, ಗುರುಗ್ರಾಮದ ಮಾಲ್ ಒಂದರಲ್ಲಿ ಮೆಟ್ಟಿಲು ಹತ್ತಿ ಹೋಗಬೇಕಾಯಿತು. ಡೆಲಿವರಿಯವರಿಗೆ ಲಿಫ್ಟ್ ಇಲ್ಲ. ಅವರು ಅದನ್ನು ವಿಡಿಯೊ ಸಮೇತ ಹಂಚಿಕೊಂಡರು, ಮಾಲ್‌ಗಳು ಇವರ ಜೊತೆ ಮನುಷ್ಯರ ಹಾಗೆ ನಡೆದುಕೊಳ್ಳಬೇಕು ಎಂಬ ಚರ್ಚೆ ಎದ್ದಿತು. ಒಳ್ಳೆಯದೇ. ಆ ಕಥೆಯಲ್ಲಿ ಈ ಸಲ ಬೇಡ ಇದ್ದ, ಆದರೆ ಅವನು ಮಾಲ್. ಆರ್ಡರ್‌ಗೆ ಎಷ್ಟು ದುಡ್ಡು, ಐಡಿ ಬ್ಲಾಕ್ ಆದರೆ ಯಾರನ್ನು ಕೇಳಬೇಕು ಅನ್ನೋ ಪ್ರಶ್ನೆಗಳು ಆ ಮೆಟ್ಟಿಲ ಮೇಲೆ ಬರಲಿಲ್ಲ.

ಆ ಪ್ರಶ್ನೆಗಳು ಬಂದದ್ದು ಬೇರೆ ಕಡೆ. ರಾಜಸ್ಥಾನ 2023ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದಿತು. ನಮ್ಮ ಕರ್ನಾಟಕದಲ್ಲಿ 2024ರಲ್ಲಿ ಕರಡು ಬಂತು, 2025ರಲ್ಲಿ ಮೊದಲು ಸುಗ್ರೀವಾಜ್ಞೆ, ಆಮೇಲೆ ಕಾಯ್ದೆ. ಕಾರ್ಮಿಕರ ನೋಂದಣಿ, ಕಲ್ಯಾಣ ಮಂಡಳಿ, ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಸಲ್ಲುವ ಮೊತ್ತದ ಮೇಲೆ ಕಂಪನಿ ಕಟ್ಟಬೇಕಾದ ಶೇ. 1ರಿಂದ 5ರವರೆಗಿನ ಕಲ್ಯಾಣ ಶುಲ್ಕ, ಕಾರಣ ತಿಳಿಸದೆ ಏಕಾಏಕಿ ಕೆಲಸದಿಂದ ತೆಗೆಯದಂತೆ ನೋಟಿಸ್, ಆ್ಯಪ್ ಯಾವ ಲೆಕ್ಕದಲ್ಲಿ ಕೆಲಸ ಹಂಚುತ್ತದೆ ಅಂತ ತಿಳಿಯುವ ಅವಕಾಶ. ಕರಡು ಬಂದಾಗ ಉದ್ಯಮದ ಸಂಘಟನೆಗಳಿಂದ ಆಕ್ಷೇಪಗಳೂ ಬಂದವು. ಕಾಯ್ದೆ ಎಷ್ಟರಮಟ್ಟಿಗೆ ಜಾರಿಯಾಗುತ್ತದೆ ಅನ್ನೋದು ಬೇರೆ ಮಾತು. ನಾನು ಹೇಳುತ್ತಿರುವುದು ಇಷ್ಟೇ: ಈ ನೀರಸ ಸರ್ಕಾರಿ ಗದ್ಯದಲ್ಲಿ ಯಾರ ಕಣ್ಣಲ್ಲೂ ನೀರು ತರಿಸುವ ಒಂದು ವಾಕ್ಯವೂ ಇಲ್ಲ. ಆದರೆ ಮೊಬೈಲಿನ ಆ ಸದ್ದು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಇರುವುದು ಇದರಲ್ಲೇ.

ಕಥೆ ಹೇಳುವುದನ್ನೇ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಕಥೆಯಿಲ್ಲದೆ ನಮಗೆ ಬೇರೆಯವರ ನೋವು ತಲುಪುವ ದಾರಿಗಳು ಬಹಳವಿಲ್ಲ. ಆದರೆ ನಮ್ಮ ಕೆಲಸದ ಟೇಬಲ್ಲಿಗೆ ಯಾರದಾದರೂ ಕಷ್ಟ ಕಂಟೆಂಟ್ ಆಗಿ ಬಂದಾಗ ಕೆಲವು ಚಿಕ್ಕ ಕೆಲಸಗಳು ನಮ್ಮ ಕೈಯಲ್ಲೇ ಇರುತ್ತವೆ. ಒಪ್ಪಿಗೆ ಪತ್ರವನ್ನು ಅವರ ಭಾಷೆಯಲ್ಲಿ ಮಾಡಿಸಬಹುದು, ಓದಿ ಹೇಳಬಹುದು. ಹೊರಗೆ ಹಾಕುವ ಮುಂಚೆ ಅವರಿಗೆ ತೋರಿಸಬಹುದು. ಬೇಡ ಅಂದದ್ದನ್ನು ತೆಗೆಯಬಹುದು, ನಾಲ್ಕು ತಿಂಗಳಾದ ಮೇಲೆ ಬೇಡ ಅಂದರೂ ತೆಗೆಯಬಹುದು. ಇವುಗಳಿಂದ ಯಾವ ಕಂಪನಿಯೂ ಮುಳುಗುವುದಿಲ್ಲ. ಇವುಗಳ ಜೊತೆಗೆ ಮೀಟಿಂಗಿನಲ್ಲಿ ಕೇಳಬಹುದಾದ ಒಂದು ಮಾತು: ಈ ಕಥೆ ಹೊರಗೆ ಹೋದ ಮೇಲೆ ಈ ಮನುಷ್ಯರ ವಿಷಯದಲ್ಲಿ ನಮ್ಮ ಕಂಪನಿಯ ಯಾವ ನಿಯಮ, ಯಾವ ಖರ್ಚು ಬದಲಾಗುತ್ತೆ?

ಉತ್ತರ ಇದ್ದರೆ ಕಥೆ ಹೇಳಿ, ಧೈರ್ಯವಾಗಿ ಹೇಳಿ. ಉತ್ತರ ಇಲ್ಲದಿದ್ದರೆ ನಮ್ಮ ಸೋಪು ಚೆನ್ನಾಗಿ ತೊಳೆಯುತ್ತೆ, ಬೆಲೆ ಇಷ್ಟು ಅಂತ ಹೇಳಿದರೆ ಸಾಕು. ಸೋಪನ್ನು ಸೋಪು ಅಂತ ಮಾರೋದರಲ್ಲಿ ಅವಮಾನವೇನೂ ಇಲ್ಲ.